ಬೋರ್ಡ್ ಬೇಡ ಅಂದವನ ಊರಲ್ಲಿ ಒಂದು ಬೋರ್ಡ್

ದಾವಣಗೆರೆಯ ಓದುಗರೊಬ್ಬರು ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದರು. ವಿಸ್ಕಾನ್ಸಿನ್ ರಾಜ್ಯದ ವಾಲ್ಡರ್ಸ್ ಎಂಬ ಸಣ್ಣ ಊರಲ್ಲಿ ಅವರ ಕಣ್ಣಿಗೆ ಒಂದು ಫಲಕ ಬಿತ್ತು. ಅರ್ಥಶಾಸ್ತ್ರಜ್ಞ ಥಾರ್‌ಸ್ಟೈನ್ ವೆಬ್ಲೆನ್ ಹುಟ್ಟಿದ್ದು ಇಲ್ಲೇ ಹತ್ತಿರ ಎಂದು ಸಾರುವ ಫಲಕ. ಅಳಿಯ ಮೊಬೈಲಿನಲ್ಲಿ ಹುಡುಕಿ ನೋಡಿದರೆ, ಆ ಮನುಷ್ಯ ತನ್ನ ಹೆಸರಲ್ಲಿ ಯಾವ ಸ್ಮಾರಕವೂ ಬೇಡ ಎಂದು ಬರೆದಿಟ್ಟು ಸತ್ತಿದ್ದ. ಓದುಗರ ಪ್ರಶ್ನೆ ಇದು: "ಇದು ಸತ್ತವರಿಗೆ ಮಾಡುವ ಅವಮಾನ ಅಲ್ವಾ? ನಮ್ಮ ಹಳ್ಳಿಗಳಲ್ಲೂ ಇಂಥ ಬೋರ್ಡ್ ಹಾಕಿ ಎಂದು ನೀವು ಆಗಾಗ ಬರೆಯುತ್ತೀರಿ. ಯಾರಿಗೆ ಬೇಕು ಸ್ವಾಮಿ?"

ಉತ್ತರ:

ನನಗೆ ಬೇಕು.

ನೀವು ಹೇಳುವುದರಲ್ಲಿ ನ್ಯಾಯ ಇದೆ, ಒಪ್ಪಿದೆ. ವೆಬ್ಲೆನ್ ಸುಮ್ನೆ ಬಾಯಿಮಾತಿಗೆ ಬೇಡ ಅಂದವನಲ್ಲ. ಗೋರಿಕಲ್ಲು ಬೇಡ, ಫಲಕ ಬೇಡ, ಪ್ರತಿಮೆ ಬೇಡ, ಎಲ್ಲೂ ಬೇಡ, ಎಂದಿಗೂ ಬೇಡ ಎಂದು ಪಟ್ಟಿ ಮಾಡಿದ್ದ. ಶಾಸ್ತ್ರ ಗೀಸ್ತ್ರ ಇಲ್ಲದೆ ಕಡಿಮೆ ಖರ್ಚಲ್ಲಿ ಸುಟ್ಟು, ಬೂದಿಯನ್ನು ಸಮುದ್ರಕ್ಕೆ ಹಾಕಿ ಅಂದಿದ್ದ. ಅದನ್ನು ಪೆಸಿಫಿಕ್ ಸಾಗರದಲ್ಲಿ ಬಿಟ್ಟರು. ಇಷ್ಟು ಖಡಾಖಂಡಿತವಾಗಿ ಹೇಳಿದವನ ಮಾತಿಗೆ ಬೆಲೆ ಕೊಡಬೇಕು, ನಿಜ.

ಆದರೆ ಅಳಿಯಂದಿರು ಚೀಟಿಯನ್ನು ಪೂರ್ತಿ ಓದಿ ಹೇಳಲಿಲ್ಲ ಅಂತ ಕಾಣುತ್ತದೆ. ಅದರಲ್ಲಿ ಜೀವನಚರಿತ್ರೆಯೂ ಬೇಡ, ಪತ್ರಗಳನ್ನು ಅಚ್ಚು ಹಾಕುವುದೂ ಬೇಡ ಅಂತಿದೆ. ಆತ ಸತ್ತದ್ದು 1929ರ ಆಗಸ್ಟಿನಲ್ಲಿ. ಐದೇ ವರ್ಷಕ್ಕೆ, 1934ರಲ್ಲಿ, ಜೋಸೆಫ್ ಡಾರ್ಫ್‌ಮನ್ ದಪ್ಪದೊಂದು ಜೀವನಚರಿತ್ರೆ ತಂದೇಬಿಟ್ಟರು. ವೆಬ್ಲೆನ್ ಮಾತನ್ನು ಎಲ್ಲರೂ ಅಕ್ಷರಶಃ ಪಾಲಿಸಿದ್ದರೆ ಆತ ಹಾಗೆ ಹೇಳಿದ್ದ ಎನ್ನುವುದೂ ನಿಮಗೆ ಗೊತ್ತಾಗುತ್ತಿರಲಿಲ್ಲ. ನೀವು ಸಿಟ್ಟಾಗುವುದಕ್ಕೂ ಯಾರೋ ಒಬ್ಬರು ಅವನ ಮಾತು ಮೀರಬೇಕಾಯಿತು!

ಇನ್ನೊಂದು ಸಂಗತಿ. ಆ ಫಲಕ ವೆಬ್ಲೆನ್‌ನದ್ದು ಅಂತ ನೀವು ತಿಳಿದಿದ್ದೀರಿ. ನನ್ನ ಪ್ರಕಾರ ಅದು ವಾಲ್ಡರ್ಸ್ ಊರಿನದ್ದು. ಸಾವಿರದ ಆಸುಪಾಸು ಜನ ಇರುವ ಊರು. ನಾರ್ವೆಯ ವಾಲ್ಡ್ರೆಸ್ ಸೀಮೆಯಿಂದ ಬಂದವರು ತಮ್ಮ ಸೀಮೆಯ ಹೆಸರನ್ನೂ ಜೊತೆಗೆ ತಂದಿದ್ದರು. ವೆಬ್ಲೆನ್‌ನ ಅಪ್ಪ ಥಾಮಸ್ ಮತ್ತು ಅಮ್ಮ ಕಾರಿ 1847ರಲ್ಲಿ ಹಡಗು ಹತ್ತಿದವರು. ಥಾಮಸ್ ಒಳ್ಳೆಯ ಬಡಗಿ. ಕಾಡು ಕಡಿದು ಹೊಲ ಮಾಡಿದರು. 1857ರಲ್ಲಿ ಈ ಮಗ ಹುಟ್ಟಿದ, ಹನ್ನೆರಡು ಮಕ್ಕಳಲ್ಲಿ ಒಬ್ಬ. 1865ರಲ್ಲಿ ಸಂಸಾರ ಮಿನ್ನೆಸೋಟಾಕ್ಕೆ ಹೋಯಿತು. ಅಲ್ಲಿ ನೆರ್‌ಸ್ಟ್ರ್ಯಾಂಡ್ ಹತ್ತಿರ ಥಾಮಸ್ ಕೈಯಾರೆ ಕಟ್ಟಿದ ಮನೆ ಈಗಲೂ ಇದೆ. ಮನೆಯಲ್ಲಿ ನಾರ್ವೆ ಮಾತು, ಹೊರಗೆ ಇಂಗ್ಲಿಷ್. ಹೊಲದ ಕೆಲಸ ಬೆಟ್ಟದಷ್ಟಿದ್ದರೂ ಆ ಅಪ್ಪ ಮಕ್ಕಳನ್ನು ಕಾಲೇಜಿಗೆ ಕಳಿಸಿದ, ಹೆಣ್ಣುಮಗಳು ಎಮಿಲಿಯನ್ನೂ ಸೇರಿಸಿ. ಒಬ್ಬ ಮಗ ಭೌತಶಾಸ್ತ್ರದ ಪ್ರೊಫೆಸರ್ ಆದ. ಮೊಮ್ಮಗ ಆಸ್ವಾಲ್ಡ್ ವೆಬ್ಲೆನ್ ಪ್ರಿನ್ಸ್‌ಟನ್‌ನಲ್ಲಿ ದೊಡ್ಡ ಗಣಿತಜ್ಞ. ಬಡಗಿಯ ಮನೆಯೊಂದರಿಂದ ಇಷ್ಟೆಲ್ಲ ಹೊರಟಿತು ಎಂದು ಊರವರು ದಾರಿಹೋಕರಿಗೆ ಹೇಳಬಾರದೇ? ತನ್ನ ನೆನಪು ಬೇಡ ಎನ್ನುವ ಹಕ್ಕು ವೆಬ್ಲೆನ್‌ಗೆ ಇತ್ತು. ಊರಿನ ನೆನಪನ್ನು ಅಳಿಸುವ ಹಕ್ಕು ಇರಲಿಲ್ಲ.

ತಮಾಷೆ ಏನಂದರೆ, ಇಂಥ ಸಣ್ಣ ಪೇಟೆಗಳನ್ನು ಆತ ಚೆನ್ನಾಗಿ ಬೈದಿದ್ದ. ಜಾಗದ ರೇಟು ಏರಿಸುವುದು, ರೈತನ ಬೆಳೆಗೂ ಮಾರುಕಟ್ಟೆಗೂ ನಡುವೆ ಕೂತು ಕಾಸು ಮಾಡುವುದು, ಪೇಟೆಯ ಕಸುಬು ಇಷ್ಟೇ ಎಂದು 1923ರಲ್ಲಿ ಬರೆದಿದ್ದ. ಹೊಲದ ಕಡೆಯಿಂದ ನೋಡಿದವನಿಗೆ ಮಾತ್ರ ಹಾಗೆ ಕಾಣುತ್ತದೆ. ಯೇಲ್‌ನಲ್ಲಿ 1884ರಲ್ಲಿ ಡಾಕ್ಟರೇಟ್ ಪಡೆದ ಮೇಲೂ ಸುಮಾರು ಏಳು ವರ್ಷ ಕೆಲಸ ಸಿಗದೆ ಹಳ್ಳಿಯಲ್ಲಿ ಕೂತು ಓದಿದ. ಕೆಲಸ ಮಾಡದೆ ಇರುವುದೇ ದೊಡ್ಡಸ್ತಿಕೆ, ದುಡ್ಡನ್ನು ಪೋಲು ಮಾಡಿ ತೋರಿಸುವುದೇ ಮರ್ಯಾದೆ ಎನ್ನುವ ಶ್ರೀಮಂತರ ರೀತಿಯನ್ನು 1899ರ ಪುಸ್ತಕದಲ್ಲಿ ಬಯಲಿಗೆ ಎಳೆದ. ತಾನು ಮಾತ್ರ ಒಬ್ಬನೇ ಇದ್ದಾಗ, ಇದ್ದಬದ್ದ ಪಾತ್ರೆಯೆಲ್ಲ ಮುಸುರೆಯಾಗುವ ತನಕ ಪೇರಿಸಿಟ್ಟು, ಆಮೇಲೆ ಪೈಪಿನಲ್ಲಿ ನೀರು ಬಿಟ್ಟು ತೊಳೆಯುತ್ತಿದ್ದ ಅಂತ ಒಂದು ಕತೆ ಇದೆ. ನಮ್ಮ ಹಾಸ್ಟೆಲ್ ಹುಡುಗರಿಗೆ ಇವನೇ ಗುರು!

ನಮ್ಮ ಕಾಲೇಜುಗಳಲ್ಲಿ ಇದನ್ನೆಲ್ಲ ಹೇಳುತ್ತಾರಾ? "ವೆಬ್ಲೆನ್ ಪರಿಣಾಮ: ದೊಡ್ಡಸ್ತಿಕೆ ತೋರಿಸುವ ವಸ್ತುವಿನ ಬೆಲೆ ಏರಿದರೆ ಬೇಡಿಕೆಯೂ ಏರುತ್ತದೆ" ಎಂದು ಒಂದು ಸಾಲು, ಒಂದು ಗೆರೆ, ಮುಗೀತು. ಆ ಹೆಸರು ಕೂಡ 1950ರಲ್ಲಿ ಹಾರ್ವೆ ಲೈಬನ್‌ಸ್ಟೈನ್ ಎಂಬ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಇಟ್ಟದ್ದು. ಪರೀಕ್ಷೆ ಬರೆಯುವ ಹುಡುಗಿಯ ಅಪ್ಪ ಮಗಳ ಮದುವೆಗೆಂದು ಹೊಲ ಅಡ ಇಡುವ ಯೋಚನೆಯಲ್ಲಿರುತ್ತಾನೆ. ಪುಸ್ತಕದ ಆ ಗೆರೆಗೂ ತನ್ನ ಮನೆಗೂ ಸಂಬಂಧ ಇದೆ ಎಂದು ಅವಳಿಗೆ ಯಾರೂ ಹೇಳುವುದಿಲ್ಲ. ಅದರ ಹಿಂದಿರುವ ವೆಬ್ಲೆನ್ ಕೂಡ ರೈತನ ಮಗ ಎಂದೂ ಹೇಳುವುದಿಲ್ಲ.

ದೂರದವನ ಮಾತು ಬಿಡಿ. ಕರ್ನಾಟಕದಲ್ಲಿ ಯಾವ ತಾಲೂಕು ಹಿಂದುಳಿದಿದೆ ಎಂಬ ಜಗಳ ಎದ್ದಾಗಲೆಲ್ಲ ನಂಜುಂಡಪ್ಪ ವರದಿ ಹೊರಬರುತ್ತದೆ. 2002ರಲ್ಲಿ ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪನವರ ಸಮಿತಿ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಲೆಕ್ಕ ಕೊಟ್ಟಿತು. ಆ ವರದಿಯ ಹೆಸರಲ್ಲಿ ಅನುದಾನ ಕೇಳುವವರನ್ನು, ನಂಜುಂಡಪ್ಪನವರು ಹುಟ್ಟಿದ ಊರು ಯಾವುದು ಅಂತ ಕೇಳಿ ನೋಡಿ.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ಬೋರ್ಡ್ ಹಾಕಿದರೆ ಅದು ಉದ್ಘಾಟನೆ ಮಾಡಿದವರ ಬೋರ್ಡ್ ಆಗುತ್ತದೆ. ಬಸ್ ತಂಗುದಾಣದ ಮೇಲೆ ಊರ ಹೆಸರು ಬೆರಳುದ್ದ, ಶಾಸಕರ ಫೋಟೋ ಆಳೆತ್ತರ. ನಮ್ಮ ಹಿರಿಯರು ವೀರಗಲ್ಲಿನಲ್ಲಿ ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತ ಸಾಮಾನ್ಯನನ್ನೂ ಕೆತ್ತಿಸಿದರು. ರಾಜನ ಬಿರುದು ಆಗಲೂ ಉದ್ದವೇ ಇರುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಚಿತ್ರ ಮಾತ್ರ ಸತ್ತವನದ್ದು. ಎಷ್ಟೋ ಊರಲ್ಲಿ ಆ ಕಲ್ಲುಗಳೇ ಈಗ ಬಟ್ಟೆ ಒಗೆಯುವ ಕಲ್ಲಾಗಿವೆ. ಇಷ್ಟಾದರೂ ಬೋರ್ಡ್ ಬೇಡ ಅನ್ನುತ್ತೀರಲ್ಲ, ಬ್ಯಾಡಾದದ್ದು ಬೋರ್ಡ್ ಅಲ್ಲ, ರಿಬ್ಬನ್ ಕತ್ತರಿ.

ಮಗಳ ಮನೆಗೆ ಮತ್ತೆ ಹೋದಾಗ ನೆರ್‌ಸ್ಟ್ರ್ಯಾಂಡ್ ಹತ್ತಿರದ ಆ ಮನೆಯನ್ನು ಹೊರಗಿನಿಂದಲಾದರೂ ನೋಡಿ ಬನ್ನಿ. 1981ರಲ್ಲಿ ಅದನ್ನು ರಾಷ್ಟ್ರೀಯ ಐತಿಹಾಸಿಕ ತಾಣ ಎಂದು ಗುರುತಿಸಿದ್ದಾರೆ. ಅಳಿಯಂದಿರ ಕೈಲಿ ಒಂದು ಫೋಟೋ ತೆಗೆಸಿ ಕಳಿಸಿ, ಹಾಕುತ್ತೇವೆ. ಮುಂದೆ ನೀವು ನಿಲ್ಲಬೇಡಿ, ಮನೆ ಕಾಣಬೇಕು.

— ಸಂಪಾದಕ