ಗೇಟಿಗೆ ಕಟ್ಟಿ ಹೋದ ಲ್ಯಾಬ್ರಡಾರ್: ಶೆಲ್ಟರ್ ಇಟ್ಟುಕೊಳ್ಳಬೇಕಾ, ಗ್ರೂಪ್‌ಗೆ ಕೊಡಬೇಕಾ?

ಪ್ರಶ್ನೆ: ಉಡುಪಿ ಹತ್ತಿರದ ಒಂದು ಸಣ್ಣ ಶೆಲ್ಟರ್‌ನಲ್ಲಿ ನಾವು ಕೆಲವರು ರಜೆಯ ದಿನ ಹೋಗಿ ಕೆಲಸ ಮಾಡುತ್ತೇವೆ. ಹೆಚ್ಚಿನವು ಬೀದಿ ನಾಯಿಗಳೇ. ನಡುನಡುವೆ ಲ್ಯಾಬ್ರಡಾರ್, ಹಸ್ಕಿ, ಪಗ್‌ಗಳನ್ನೂ ಗೇಟಿಗೆ ಕಟ್ಟಿ ಹೋಗುತ್ತಾರೆ. ಬೆಂಗಳೂರಿನ ಒಂದು ಗ್ರೂಪ್‌ನವರು ಲ್ಯಾಬ್‌ಗಳಿಗೆ ಮಾತ್ರ ಮನೆ ಹುಡುಕುವವರು. ‘ಬಂದರೆ ನಮಗೆ ತಿಳಿಸಿ’ ಅಂತ ಕೇಳಿದ್ದಾರೆ. ನಮ್ಮಲ್ಲಿನ ಹಿರಿಯರು ಒಪ್ಪುತ್ತಿಲ್ಲ. ಚಂದದ್ದನ್ನೆಲ್ಲ ಅವರು ಒಯ್ದರೆ ನಮಗೇನು ಉಳಿಯಿತು, ಅವರು ಮರಿ ಹಾಕಿಸಿ ಮಾರುವವರಲ್ಲ ಅಂತ ಏನು ಗ್ಯಾರಂಟಿ ಅನ್ನುತ್ತಾರೆ. ಏನು ಮಾಡೋಣ?
- ಓದುಗರು, ಸಂತೆಕಟ್ಟೆ

ಉತ್ತರ: ಕೊಡಿ. ಆದರೆ ಮರಿಯಾಗದಂತೆ ಮಾಡುವ ಆಪರೇಷನ್ ಆಗದ ನಾಯಿಯ ಕಾಗದಪತ್ರ ಮಾತ್ರ ಕೊಡಬೇಡಿ.

ಮೊದಲು ಹಿರಿಯರ ಎರಡನೇ ಮಾತು. ಅದು ಸುಮ್ನೆ ಸಂಶಯ ಅಲ್ಲ. ರೆಸ್ಕ್ಯೂ ಅಂತ ಹೇಳಿಕೊಂಡು ಹೆಣ್ಣು ಲ್ಯಾಬ್, ಹೆಣ್ಣು ಹಸ್ಕಿ ಹುಡುಕುವವರು ಇದ್ದೇ ಇದ್ದಾರೆ. ಮರಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು ಅಂತ 2017ರ ನಿಯಮ ಹೇಳುತ್ತದೆ, ಆದರೆ ಕಾನೂನು ಇದೆ ಅಂತ ನಾಯಿಗೆ ರಕ್ಷಣೆ ಸಿಕ್ಕಿತು ಅಂದುಕೊಳ್ಳಬೇಡಿ. ಆಪರೇಷನ್ ಆದ ನಾಯಿ ಬ್ರೀಡರ್‌ಗೆ ಬೇಡವೇ ಬೇಡ. ‘ಆಪರೇಷನ್ ನಾವೇ ಮಾಡಿಸುತ್ತೇವೆ, ಈಗ ಕೊಟ್ಟುಬಿಡಿ’ ಅಂತ ಅವಸರ ಮಾಡಿದರೆ ಅಲ್ಲೇ ನಿಲ್ಲಿಸಿ.

ತೊಡಕು ಇರುವುದು ಇಲ್ಲೇ. ನಮ್ಮ ಕರಾವಳಿಯಲ್ಲಿ ಉಣ್ಣಿ ಜಾಸ್ತಿ. ಬೀದಿಗೆ ಬಿದ್ದ ನಾಯಿಗೆ ಟಿಕ್ ಫೀವರ್ ಇದ್ದರೆ ರಕ್ತದ ಪ್ಲೇಟ್‌ಲೆಟ್ ಇಳಿದಿರುತ್ತದೆ, ಆಗ ಕತ್ತಿ ಇಟ್ಟರೆ ರಕ್ತ ನಿಲ್ಲುವುದು ಕಷ್ಟ. ಆದ್ದರಿಂದ ಮೊದಲು ರಕ್ತ ಪರೀಕ್ಷೆ, ಆಮೇಲೆ ಮಾತ್ರೆ, ಅದು ಮುಗಿಯಲು ಸಾಮಾನ್ಯವಾಗಿ 4 ವಾರ ಬೇಕು. ಅಷ್ಟು ದಿನ ಮನೆಯಲ್ಲಿ ಬೆಳೆದ ಲ್ಯಾಬ್ ಒದ್ದೆ ಸಿಮೆಂಟ್ ನೆಲದಲ್ಲಿ, ಸುತ್ತಲೂ ಬೊಗಳಾಟದ ನಡುವೆ, ಬಟ್ಟಲಿಗೆ ಮೂತಿ ಹಾಕದೆ ಗೋಡೆ ಕಡೆ ತಿರುಗಿ ಮಲಗಿರಬೇಕಾ? ಬೇಡ. ಗ್ರೂಪ್‌ನವರೇ ಉಡುಪಿಯಲ್ಲೋ ಮಂಗಳೂರಲ್ಲೋ ಒಂದು ತಾತ್ಕಾಲಿಕ ಮನೆ ಹುಡುಕಲಿ. ಔಷಧಿ ಖರ್ಚು ಅವರದ್ದು, ದಾಖಲೆಯಲ್ಲಿ ನಾಯಿ ನಿಮ್ಮ ಶೆಲ್ಟರ್‌ನದ್ದು. ಆಪರೇಷನ್ ಆದ ಮೇಲೆ ದಾಖಲೆಯನ್ನು ಗ್ರೂಪ್‌ನವರ ಹೆಸರಿಗೆ ಬದಲಾಯಿಸಿ. ಆ ಮನೆಯಲ್ಲಿ ಬೇರೆ ನಾಯಿ ಇದ್ದರೆ 2 ವಾರ ದೂರ ಇಡಲಿ, ಪಾರ್ವೊ, ಡಿಸ್ಟೆಂಪರ್‌ನಂಥ ಅಂಟುರೋಗ ಮೊದಲ ದಿನವೇ ಕಾಣುವುದಿಲ್ಲ. ವಯಸ್ಸಾಗಿ ಹೃದಯ ಸರಿಯಿಲ್ಲದ ನಾಯಿಗೆ ಅರಿವಳಿಕೆ ಬೇಡ ಅಂತ ಡಾಕ್ಟರ್ ಬರೆದುಕೊಟ್ಟರೆ ಅದಕ್ಕೆ ಒತ್ತಾಯ ಮಾಡಬೇಡಿ.

ಕೊಡುವ ಮುಂಚೆ ಅದು ಕಳೆದುಹೋದ ನಾಯಿ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಗೇಟಿಗೆ ಕಟ್ಟಿದ್ದು ಸರಿ, ದಾರಿಯಲ್ಲಿ ಸಿಕ್ಕಿದ್ದನ್ನು ಯಾರೋ ತಂದು ಕಟ್ಟಿರಲೂಬಹುದು. ಚರ್ಮದಡಿ ಗುರುತಿನ ಮೈಕ್ರೋಚಿಪ್ ಇದೆಯಾ ಸ್ಕ್ಯಾನ್ ಮಾಡಿಸಿ. ಫೋಟೋ ಹಾಕಿ, ಆದರೆ ಹೊಟ್ಟೆ ಕೆಳಗಿನ ಮಚ್ಚೆಯಂಥ ಒಂದು ಗುರುತು ಹೇಳದೆ ಇಟ್ಟುಕೊಳ್ಳಿ. ನಮ್ಮದು ಅಂತ ಬಂದವರು ಅದನ್ನು ಹೇಳಲಿ. ನಿಜವಾಗಿ ಬಿಟ್ಟುಹೋದವರ ಹಿಂದೆ ಬೀಳುವುದರಲ್ಲಿ ಹೆಚ್ಚು ಶಕ್ತಿ ಕಳೆಯಬೇಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅದು ಅಪರಾಧವೇ, ಆದರೆ ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಇದು ಬದಲಾಗಲೇಬೇಕು.

ಇನ್ನು ‘ನಮಗೇನು ಉಳಿಯಿತು’ ಅನ್ನುವ ಮಾತು. ಜಾಗ ಉಳಿಯಿತು ಅಲ್ವಾ! ಗಾಡಿ ಗುದ್ದಿದ ಬೀದಿ ನಾಯಿಯನ್ನು ಕೇಳಿಕೊಂಡು ಯಾವ ಗ್ರೂಪ್ ಕೂಡ ಬರುವುದಿಲ್ಲ, ಅದಕ್ಕೆ ನಿಮ್ಮ ಗೂಡೇ ಗತಿ. ಆದರೆ ಗ್ರೂಪ್‌ಗೂ ಒಂದು ಮಾತು ಸ್ಪಷ್ಟವಾಗಿ ಹೇಳಿ. 2 ವರ್ಷದ ಗಟ್ಟಿಮುಟ್ಟಾದ ಲ್ಯಾಬ್ ಬೇಕಾದರೆ ಸೊಂಟ ಹಿಡಿದ 10 ವರ್ಷದ ಲ್ಯಾಬೂ ನಿಮ್ಮದೇ ಅಂತ. ಲ್ಯಾಬ್‌ಗಳ ಸೊಂಟ, ಕಿವಿ, ತೂಕ ನೋಡಿ ಪಳಗಿದವರು ಅವರು. ಅದನ್ನು ಸಾಕಲು ಅವರಿಗಿಂತ ತಿಳಿದವರು ಯಾರಿದ್ದಾರೆ? ಮುದಿ ನಾಯಿ ಅಂದ ತಕ್ಷಣ ಫೋನ್ ಎತ್ತುವುದನ್ನೇ ಬಿಟ್ಟರೆ ಅಂಥವರ ಸಹವಾಸ ಬೇಡ.

ಶಿರಾಡಿ ಘಾಟಿ ಹತ್ತುವ ನಾಯಿಯ ಜೊತೆ ಲಸಿಕೆ ಚೀಟಿ ಮಾತ್ರ ಕಳಿಸಿದರೆ ಸಾಲದು. ದಿನಾ ಬಕೆಟ್ ಹಿಡಿದು ಒಳಗೆ ಹೋಗುವ ಅಕ್ಕನನ್ನು ಕೇಳಿ ಒಂದು ಪುಟ ಬರೆಸಿ. ಎಡಗಾಲು ಮುಟ್ಟಿದರೆ ಗುರ್ ಅನ್ನುತ್ತದೆ, ಮೀನು ಕಲಸಿದರೆ ಮಾತ್ರ ಅನ್ನ ತಿನ್ನುತ್ತದೆ, ತುಳುವಿನಲ್ಲಿ ‘ಬಲ’ ಅಂದರೆ ಓಡಿ ಬರುತ್ತದೆ, ‘ಕಮ್’ ಅಂದರೆ ತಿರುಗಿಯೂ ನೋಡುವುದಿಲ್ಲ. ಬೆಂಗಳೂರಿನ ಮನೆಯವರಿಗೆ ಇದು ಗೊತ್ತಿಲ್ಲದಿದ್ದರೆ ಮಾತು ಕೇಳದ ನಾಯಿ ಅಂತ ವಾಪಸ್ ಕಳಿಸಿಬಿಡುತ್ತಾರೆ. ಹಾಗೆ ವಾಪಸ್ ಬರುವ ನಾಯಿ ಎಲ್ಲಿಗೆ ಬರಬೇಕು, ಗ್ರೂಪ್‌ಗಾ ನಿಮಗಾ ಅನ್ನುವುದನ್ನೂ ಮೊದಲೇ ಬರೆದು ಸಹಿ ಹಾಕಿಸಿಕೊಳ್ಳಿ.

ಪ್ರಶ್ನೆ: ಹಸ್ಕಿ ದತ್ತು ತೆಗೆದುಕೊಳ್ಳಬೇಕು ಅಂತ ಮಗಳ ಆಸೆ. ಶೆಲ್ಟರ್‌ನಲ್ಲಿ ಕೇಳಬೇಕಾ, ಗ್ರೂಪ್‌ನಲ್ಲಾ?
- ಓದುಗರು, ಕದ್ರಿ

ಉತ್ತರ: ಎರಡೂ ಕಡೆ ಹೆಸರು ಕೊಡಿ, ಒಳ್ಳೆಯ ಗ್ರೂಪ್‌ನವರು ಮನೆ ನೋಡಲು ಬರುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಆದರೆ ಹಸ್ಕಿ ಮೈಮೇಲೆ ಎರಡು ಪದರ ಕೂದಲು, ಮಂಗಳೂರಿನ ಸೆಕೆ ಅದಕ್ಕೆ ಹಿಂಸೆ, ಮಳೆಗಾಲದಲ್ಲಿ ಒಳಗಿನ ಕೂದಲು ಒಣಗದೆ ಚರ್ಮ ಕೆಡುತ್ತದೆ. ಹಗಲಿಡೀ ಎಸಿ ಹಾಕಿ ಮನೆಯಲ್ಲಿ ಒಬ್ಬರು ಇರುತ್ತೀರಾ? ಇಲ್ಲದಿದ್ದರೆ ಮಗಳನ್ನು ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್‌ಗೆ ಕರೆದುಕೊಂಡು ಹೋಗಿ. ಅಲ್ಲಿ ಊರ ನಾಯಿಗಳ ಜೊತೆ ಸ್ವಲ್ಪ ಹೊತ್ತು ಕೂರಲಿ, ಆಮೇಲೆ ಅವಳೇ ಹೇಳಲಿ.