ಎಂಟೂವರೆ ಪರ್ಸೆಂಟ್ ಬಡ್ಡಿ ಹದಿನಾಲ್ಕಕ್ಕಿಂತ ದುಬಾರಿ!

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ತಿಪಟೂರಿನ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಉಪನ್ಯಾಸಕ. ವಯಸ್ಸು 41. ಕೈಗೆ ಬರುವ ಸಂಬಳ 38,000. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ, ಅದರಿಂದ ಆರೇಳು ಸಾವಿರ ಬರುತ್ತದೆ. ಮಗಳು ಎಂಟನೇ ಕ್ಲಾಸು. ಹೋದ ವರ್ಷ ಅಪ್ಪನಿಗೆ ಲಕ್ವ ಹೊಡೆಯಿತು. ತಿಂಗಳಿಗೆ ಎರಡು ಸಲ ತುಮಕೂರಿಗೆ ತೋರಿಸಲು ಕರೆದುಕೊಂಡು ಹೋಗಬೇಕು. ಬಾಡಿಗೆ ಕಾರಿಗೆ ಪ್ರತಿ ಸಲ 3,000 ಆಗುತ್ತದೆ. ಅದಕ್ಕೇ ಸೆಕೆಂಡ್ ಹ್ಯಾಂಡ್ ಕಾರು ನೋಡುತ್ತಿದ್ದೇನೆ. 2018ರ ಸ್ವಿಫ್ಟ್, ಪೆಟ್ರೋಲ್, 68,000 ಕಿ.ಮೀ. ಓಡಿದೆ. 4,60,000 ಹೇಳುತ್ತಿದ್ದಾರೆ. ನನ್ನ ಹತ್ತಿರ ಒಂದೊಂದು ಲಕ್ಷದ ಮೂರು ಎಫ್‌ಡಿ ಇವೆ, ಬಡ್ಡಿ ಶೇ. 7. ಉಳಿತಾಯ ಖಾತೆಯಲ್ಲಿ 40,000 ಇದೆ. ಮನೆ ಖರ್ಚು, ಔಷಧಿ, ಫೀಸು ಎಲ್ಲ ಕಳೆದು ತಿಂಗಳಿಗೆ 14,000 ಉಳಿಯುತ್ತದೆ. ಬಾಡಿಗೆ ಕಾರಿನ ಖರ್ಚು ಇದರಲ್ಲೇ ಹೋಗಬೇಕು. ಡೀಲರ್ ಶೇ. 8.5 ಬಡ್ಡಿಗೆ 3 ಲಕ್ಷ ಫೈನಾನ್ಸ್ ಮಾಡಿಸಿಕೊಡುತ್ತೇನೆ, ನಾಲ್ಕು ವರ್ಷ, ಕಂತು 8,375 ಎನ್ನುತ್ತಿದ್ದಾರೆ. ನನ್ನ ಸಂಬಳ ಬರುವ ಬ್ಯಾಂಕಿನಲ್ಲಿ ಶೇ. 14 ಅಂದರು. ಹೆಂಡತಿ ಸಾಲವೇ ಬೇಡ, ಎಫ್‌ಡಿ ಮುರಿಸಿ ಅನ್ನುತ್ತಾಳೆ. ಬಾಮೈದ ಡೀಲರ್‌ದೇ ಕಡಿಮೆ, ಯೋಚನೆ ಮಾಡಬೇಡಿ ಅನ್ನುತ್ತಾನೆ. ಏನು ಮಾಡಲಿ?
— ಹೆಸರು ಬೇಡ, ತಿಪಟೂರು

ಉತ್ತರ: ಮೊದಲು ನಿಮ್ಮ ಬಾಮೈದನ ಮಾತು ತೆಗೆದುಕೊಳ್ಳುತ್ತೇನೆ. ಯಾಕೆಂದರೆ ದುಡ್ಡು ಜಾಸ್ತಿ ಹೋಗುವುದು ಅಲ್ಲೇ.

ಡೀಲರ್ ಹೇಳಿದ ಶೇ. 8.5 ಫ್ಲಾಟ್ ಬಡ್ಡಿ, ಅಂದರೆ ಅಸಲು ತೀರುತ್ತಾ ಬಂದರೂ ಮೊದಲು ಪಡೆದ ಪೂರ್ತಿ ಸಾಲಕ್ಕೇ ಹಾಕುವ ಬಡ್ಡಿ. ನೀವು ಬರೆದ ಕಂತಿನಿಂದಲೇ ಅದು ಗೊತ್ತಾಗುತ್ತದೆ. 3 ಲಕ್ಷಕ್ಕೆ ಶೇ. 8.5 ಅಂದರೆ ವರ್ಷಕ್ಕೆ 25,500. ನಾಲ್ಕು ವರ್ಷಕ್ಕೆ 1,02,000. ಅಸಲು ಬಡ್ಡಿ ಕೂಡಿಸಿ 4,02,000. ಅದನ್ನು 48ರಿಂದ ಭಾಗಿಸಿದರೆ ಸರಿಯಾಗಿ 8,375. ಅಂದರೆ ಪ್ರತಿ ತಿಂಗಳೂ 6,250 ಅಸಲಿಗೆ, 2,125 ಬಡ್ಡಿಗೆ. ಕೊನೆಯ ಕಂತು ಕಟ್ಟುವಾಗ ನಿಮ್ಮ ತಲೆ ಮೇಲೆ ಉಳಿದಿರುವ ಅಸಲು ಬರೀ 6,250 ರೂಪಾಯಿ. ಆದರೂ ಆ ತಿಂಗಳು ನೀವು ಪೂರ್ತಿ 3 ಲಕ್ಷಕ್ಕೆ ಬಡ್ಡಿ ಕಟ್ಟುತ್ತೀರಿ. ತೀರಿಸಿದ ಸಾಲಕ್ಕೂ ಬಡ್ಡಿ ಕೊಟ್ಟ ಹಾಗಾಯಿತು, ಅಲ್ವಾ?

ಬ್ಯಾಂಕಿನವರು ಹೇಳಿದ ಶೇ. 14 ಹಾಗಲ್ಲ. ಅಲ್ಲಿ ಉಳಿದ ಅಸಲಿಗೆ ಮಾತ್ರ ಬಡ್ಡಿ. ಅದೇ 3 ಲಕ್ಷ, ಅದೇ ನಾಲ್ಕು ವರ್ಷಕ್ಕೆ ಕಂತು ಸುಮಾರು 8,198 ಬರುತ್ತದೆ. ಮೊದಲ ತಿಂಗಳ ಬಡ್ಡಿ 3,500. ಕೊನೆಯ ತಿಂಗಳದ್ದು ನೂರು ರೂಪಾಯಿಯೂ ಇರುವುದಿಲ್ಲ. ಒಟ್ಟು ಬಡ್ಡಿ 93,500ರ ಆಸುಪಾಸು. ಅಂದರೆ ಎಂಟೂವರೆ ಅನ್ನುವ ಸಾಲ ಹದಿನಾಲ್ಕು ಅನ್ನುವ ಸಾಲಕ್ಕಿಂತ ಎಂಟು ಸಾವಿರಕ್ಕೂ ಹೆಚ್ಚು ದುಬಾರಿ. ಬ್ಯಾಂಕಿನ ಲೆಕ್ಕಕ್ಕೆ ತಿರುಗಿಸಿದರೆ ಅದು ಶೇ. 15ಕ್ಕಿಂತ ಸ್ವಲ್ಪ ಮೇಲೇ ಬೀಳುತ್ತದೆ. ಪ್ರೊಸೆಸಿಂಗ್ ಫೀ, ಡಾಕ್ಯುಮೆಂಟ್ ಚಾರ್ಜು, ಸಾಲದ ಜೊತೆಗೇ ಅಂಟಿಸುವ ವಿಮೆ ಇವನ್ನೆಲ್ಲ ನಾನಿನ್ನೂ ಸೇರಿಸಿಲ್ಲ.

ನಾನು ಶಿವಮೊಗ್ಗದಲ್ಲಿ ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೂತು ಕೆಲಸ ಮಾಡಿದವಳು. ಓದಿದವರು, ಲೆಕ್ಕ ಬಲ್ಲವರು, ಮೇಷ್ಟ್ರುಗಳು ಕೂಡ ಇಲ್ಲೇ ಎಡವುತ್ತಿದ್ದರು. ಅವರ ತಪ್ಪಲ್ಲ. ಎರಡು ಅಂಕಿಯನ್ನು ಪಕ್ಕಪಕ್ಕ ಇಟ್ಟರೆ ಯಾರ ಕಣ್ಣಾದರೂ ಚಿಕ್ಕದರ ಕಡೆಗೇ ಹೋಗುತ್ತದೆ.

ಇದಕ್ಕೆ ಈಗ ಒಂದು ದಾರಿ ಇದೆ. 2024ರ ಅಕ್ಟೋಬರ್ 1ರಿಂದ, ವೈಯಕ್ತಿಕ ಬಳಕೆಗೆ ಸಾಲ ಕೊಡುವ ಬ್ಯಾಂಕ್ ಮತ್ತು ಫೈನಾನ್ಸ್ ಕಂಪನಿಗಳು 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಎಂಬ ಕಾಗದ ಕೊಡಲೇಬೇಕು. ಇದು ರಿಸರ್ವ್ ಬ್ಯಾಂಕಿನ ನಿಯಮ. ಅದರಲ್ಲಿ 'ಎಪಿಆರ್' ಎಂಬ ಸಾಲು ಇರುತ್ತದೆ. ಬಡ್ಡಿ, ಫೀಸು ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಪರ್ಸೆಂಟ್ ಬೀಳುತ್ತದೆ ಅನ್ನುವುದು ಅಲ್ಲಿರುತ್ತದೆ. ಸಾಲ ತೆಗೆದುಕೊಳ್ಳುವವರಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು ಅಂತಲೂ ನಿಯಮದಲ್ಲಿದೆ. ಕನ್ನಡದಲ್ಲಿ ಕೊಡಿ ಅಂತ ಧೈರ್ಯವಾಗಿ ಕೇಳಿ. ಎರಡೂ ಕಡೆಯ ಕಾಗದ ಮನೆಗೆ ತಂದು, ನಿಮ್ಮ ಮನೆಯವರನ್ನೂ ಬಾಮೈದನನ್ನೂ ಕೂರಿಸಿಕೊಂಡು ಆ ಒಂದು ಸಾಲು ನೋಡಿ. ಡೀಲರ್ 'ಅದೆಲ್ಲ ಸೈನ್ ಆದಮೇಲೆ ಸಿಗುತ್ತೆ ಸರ್' ಅಂದರೆ ಅಲ್ಲಿ ಸೈನ್ ಹಾಕಬೇಡಿ.

ಇನ್ನು ನಿಮ್ಮ ಮನೆಯವರ ಮಾತು. ಸಾಲ ಬೇಡ ಅನ್ನುವ ಅವರ ಅಳುಕು ನನಗೆ ಅರ್ಥವಾಗುತ್ತದೆ. ಲೆಕ್ಕದಲ್ಲೂ ಅವರದೇ ಸರಿ. ಶೇ. 7ರ ಎಫ್‌ಡಿ ಇಟ್ಟುಕೊಂಡು ಶೇ. 14ಕ್ಕೆ ಸಾಲ ಮಾಡುವುದು ನಷ್ಟವೇ. ಆದರೆ ಮೂರೂ ಎಫ್‌ಡಿ ಮುರಿಸಿ ಅಂತ ಹೇಳಲು ನನಗೆ ಮನಸ್ಸಿಲ್ಲ. ಅದಕ್ಕೆ ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ ಕಾರಣ.

ನನ್ನ ತಮ್ಮ ಭದ್ರಾವತಿಯಲ್ಲಿ ಸಣ್ಣ ಅಂಗಡಿ ಇಟ್ಟಿದ್ದ. 2011ರಲ್ಲಿ ಹಳೆಯ ಡೀಸೆಲ್ ಕಾರೊಂದನ್ನು ಕೊಂಡ. ಕೈಯಲ್ಲಿದ್ದದ್ದನ್ನೆಲ್ಲ ಮುಂಗಡಕ್ಕೆ ಸುರಿದ. ಉಳಿದದ್ದಕ್ಕೆ ಫೈನಾನ್ಸ್ ಮಾಡಿಸಿದ. ಅಕ್ಕ ಬೈಯುತ್ತಾಳೆ ಅಂತ ನನಗೆ ಹೇಳಲೇ ಇಲ್ಲ. ಐದನೇ ತಿಂಗಳು ತರೀಕೆರೆಯಿಂದ ಬರುವಾಗ ಗಾಡಿ ನಿಂತಿತು. ಇಂಜೆಕ್ಟರ್, ಪಂಪ್ ಎಲ್ಲ ಸೇರಿ 46,000 ಬಿಲ್ಲು. ಗಾಡಿ ಗ್ಯಾರೇಜಿನಲ್ಲಿ ನಿಂತಿದೆ, ಕಂತು ಮಾತ್ರ ಓಡುತ್ತಿದೆ. ಎರಡು ಕಂತು ತಪ್ಪಿತು. ಒಂದು ಸಂಜೆ ವಸೂಲಿಯವರು ಇಬ್ಬರು ಅಂಗಡಿ ಮುಂದೆ ಬಂದು ಗಿರಾಕಿಗಳೆದುರೇ ಕೂಗಾಡಿದರು. ಅವತ್ತು ರಾತ್ರಿ ಅವನು ನನಗೆ ಫೋನು ಮಾಡಿ ಅತ್ತಿದ್ದು ಇವತ್ತಿಗೂ ಕಿವಿಯಲ್ಲಿದೆ. ನನ್ನ ಆರ್‌ಡಿ ಮುರಿಸಿ ಕೊಟ್ಟೆ. ಗಾಡಿ ಉಳಿಯಿತು. ಆದರೆ ಅವನು ಮೊದಲಿನ ಹಾಗೆ ಅಂಗಡಿಯಲ್ಲಿ ತಲೆ ಎತ್ತಿ ಕೂರಲು ಬಹಳ ದಿನ ಬೇಕಾಯಿತು.

ಹೊಸ ಕಾರಿನ ಸಾಲಕ್ಕೂ ಹಳೆ ಕಾರಿನ ಸಾಲಕ್ಕೂ ನಿಜವಾದ ವ್ಯತ್ಯಾಸ ಇದು. ಹೊಸದಕ್ಕೆ ವಾರಂಟಿ ಇರುತ್ತದೆ, ಮೊದಲ ವರ್ಷಗಳಲ್ಲಿ ಬರೀ ಕಂತು ಕಟ್ಟುತ್ತೀರಿ. ಹಳೆಯದರಲ್ಲಿ ಕಂತು ಮತ್ತು ರಿಪೇರಿ ಎರಡೂ ಒಂದೇ ತಿಂಗಳು ಬರಬಹುದು. ಹಾಗಾಗಿ 'ಕಂತು ಕಟ್ಟಲು ಆಗುತ್ತದೆಯೇ' ಅಂತ ಕೇಳಿಕೊಂಡರೆ ಸಾಲದು. 'ಕಂತು ಕಟ್ಟುವ ತಿಂಗಳೇ ಕ್ಲಚ್ ಹೋದರೆ ದುಡ್ಡು ಎಲ್ಲಿಂದ' ಅಂತ ಕೇಳಿಕೊಳ್ಳಬೇಕು.

ನಿಮ್ಮ ತಿಂಗಳ ಲೆಕ್ಕಕ್ಕೆ ಬರೋಣ. ಉಳಿಯುವುದು 14,000. ಡೀಲರ್ ಕಂತು 8,375. ತಿಪಟೂರಿನಿಂದ ತುಮಕೂರಿಗೆ ಹೋಗಿ ಬರಲು ಸುಮಾರು 150 ಕಿ.ಮೀ., ಎರಡು ಸಲಕ್ಕೆ 300. ಲೀಟರಿಗೆ 17–18 ಕಿ.ಮೀ. ಹಿಡಿದರೂ 17 ಲೀಟರ್ ಪೆಟ್ರೋಲ್, ಅಂದರೆ 1,750 ರೂಪಾಯಿ. ಇನ್ಶೂರೆನ್ಸ್, ಸರ್ವೀಸ್, ಟೈರಿಗೆ ಅಂತ ತಿಂಗಳಿಗೆ 2,000 ಎತ್ತಿಡಿ. ಒಟ್ಟು 12,000 ದಾಟಿತು. ಉಳಿಯುವುದು 2,000ಕ್ಕಿಂತ ಕಡಿಮೆ. ಮಗಳು ಎರಡು ವರ್ಷದಲ್ಲಿ ಎಸ್ಸೆಸ್ಸೆಲ್ಸಿ, ಆಮೇಲೆ ಪಿಯುಸಿ. ಅಷ್ಟರಲ್ಲಿ ನಡೆಯುವುದಿಲ್ಲ.

ಬಾಡಿಗೆ ಕಾರಿಗೆ ನೀವು ಈಗ ಕೊಡುತ್ತಿರುವುದು ತಿಂಗಳಿಗೆ 6,000. ಬರೀ ದುಡ್ಡಿನ ಲೆಕ್ಕ ನೋಡಿದರೆ ಬಾಡಿಗೆಯೇ ಅಗ್ಗ. ಇದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಲಕ್ವ ಹೊಡೆದ ಅಪ್ಪನನ್ನು ರಾತ್ರಿ ಹನ್ನೊಂದು ಗಂಟೆಗೆ ಆಸ್ಪತ್ರೆಗೆ ಕರೆದೊಯ್ಯಬೇಕಾದಾಗ ಡ್ರೈವರ್ ಫೋನು ಎತ್ತದಿದ್ದರೆ ಆಗುವ ಸಂಕಟಕ್ಕೆ ಬೆಲೆ ಕಟ್ಟಲು ಆಗುವುದಿಲ್ಲ. ಮನೆ ಬಾಗಿಲಲ್ಲಿ ಗಾಡಿ ಇರಬೇಕು ಅನ್ನುವ ನಿಮ್ಮ ಆಸೆ ಸರಿಯಾದದ್ದೇ. ಕಾರು ಕೊಳ್ಳಿ. ಆದರೆ ಈ ಕಾರು ಬೇಡ, ಈ ಸಾಲ ಬೇಡ.

ಯಾಕೆ ಈ ಕಾರು ಬೇಡ ಅಂದರೆ, ಸ್ವಿಫ್ಟ್ ಸೀಟು ತಗ್ಗು. ಒಂದು ಕಾಲು ಸ್ವಾಧೀನ ಇಲ್ಲದವರು ಅದರೊಳಗೆ ಇಳಿದು ಕೂರುವುದೂ ಕಷ್ಟ, ಏಳುವುದು ಇನ್ನೂ ಕಷ್ಟ. ನಮ್ಮ ಅತ್ತೆಯನ್ನು ಮೂರು ವರ್ಷ ಓಡಾಡಿಸಿದ್ದೇನೆ, ಸೊಂಟ ಹಿಡಿದು ಎತ್ತಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ವ್ಯಾಗನ್ ಆರ್ ಥರದ ಎತ್ತರದ ಗಾಡಿಯಲ್ಲಿ ಸೀಟು ಹೆಚ್ಚುಕಡಿಮೆ ಕುರ್ಚಿಯ ಮಟ್ಟಕ್ಕೆ ಬರುತ್ತದೆ. ಯಾವ ಕಾರೇ ಆಗಲಿ, ಅಡ್ವಾನ್ಸ್ ಕೊಡುವ ಮೊದಲು ನಿಮ್ಮ ತಂದೆಯವರನ್ನು ಅದರಲ್ಲಿ ಒಮ್ಮೆ ಹತ್ತಿಸಿ ಇಳಿಸಿ ನೋಡಿ.

ಮೂರೂವರೆ ಲಕ್ಷದೊಳಗೆ ಅಂಥ ಗಾಡಿ ಹುಡುಕಿ. ಚೌಕಾಶಿ ಮಾಡಲು ನಿಮಗೆ ಒಳ್ಳೆಯ ಕಾರಣವೂ ಇದೆ. 2025ರ ಸೆಪ್ಟೆಂಬರ್ 22ರಿಂದ ಹೊಸ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಹೊಸದೇ ಅಗ್ಗವಾದ ಮೇಲೆ ಹಳೆಯದಕ್ಕೆ ಹಿಂದಿನ ರೇಟು ಹೇಳಿದರೆ ಒಪ್ಪಬೇಡಿ.

ಎರಡು ಎಫ್‌ಡಿ ಮುರಿಸಿ 2 ಲಕ್ಷ ಹಾಕಿ. ಉಳಿದ 1,50,000 ನಿಮ್ಮ ಬ್ಯಾಂಕಿನಲ್ಲೇ ಮೂರು ವರ್ಷಕ್ಕೆ ಸಾಲ ತೆಗೆಯಿರಿ. ಶೇ. 14 ಹಿಡಿದರೆ ಕಂತು ಸುಮಾರು 5,127. ಮೂರು ವರ್ಷಕ್ಕೆ ಬಡ್ಡಿ 34,500ರಷ್ಟು. ಮುರಿಸಿದ ಎಫ್‌ಡಿಯ ಬಡ್ಡಿ ವರ್ಷಕ್ಕೆ 14,000 ಕೈಬಿಟ್ಟು ಹೋಗುತ್ತದೆ, ಅವಧಿಗೆ ಮುಂಚೆ ಮುರಿಸಿದ್ದಕ್ಕೆ ಸ್ವಲ್ಪ ದಂಡವೂ ಬೀಳಬಹುದು. ಎರಡರಲ್ಲಿ ಯಾವುದಾದರೂ ಇನ್ನೆರಡು ಮೂರು ತಿಂಗಳಲ್ಲಿ ಮೆಚೂರ್ ಆಗುವುದಿದ್ದರೆ ಅದನ್ನು ಮುರಿಸದೆ ಅದರ ಮೇಲೇ ಸಾಲ ಪಡೆಯಿರಿ. ಎಫ್‌ಡಿ ಬಡ್ಡಿಗಿಂತ ಒಂದೆರಡು ಪರ್ಸೆಂಟ್ ಜಾಸ್ತಿ ಅಷ್ಟೆ.

ಕಂತು, ಪೆಟ್ರೋಲ್, ಎತ್ತಿಟ್ಟ 2,000 ಎಲ್ಲ ಸೇರಿ 9,000ದ ಒಳಗೆ ಮುಗಿಯುತ್ತದೆ. 5,000 ಉಳಿಯುತ್ತದೆ. ಮೂರನೇ ಎಫ್‌ಡಿ ಕ್ಲಚ್ ಹೋಗುವ ತಿಂಗಳಿಗೆ ಅಂತ ಹಾಗೇ ಇರಲಿ. ಅದನ್ನು ಮುಟ್ಟಬೇಡಿ, ಸೀಟ್ ಕವರಿಗೂ ಮ್ಯೂಸಿಕ್ ಸಿಸ್ಟಂಗೂ ಅಂತೂ ಖಂಡಿತ ಬೇಡ. ಉಳಿತಾಯ ಖಾತೆಯ 40,000ದಲ್ಲಿ ಆರ್‌ಸಿ ವರ್ಗಾವಣೆ, ಇನ್ಶೂರೆನ್ಸ್, ಮೊದಲ ಸರ್ವೀಸ್ ಆಗುತ್ತದೆ. ಹಿಂದಿನ ಮಾಲೀಕರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ನಿಮಗೆ ಬರುವುದಿಲ್ಲ. ಪಾಲಿಸಿ ನಿಮ್ಮ ಹೆಸರಿಗೆ ಮಾಡಿಸುವಾಗ ಆ ವ್ಯತ್ಯಾಸ ಕಟ್ಟಬೇಕಾಗುತ್ತದೆ. ಆದರೂ 14 ದಿನದೊಳಗೆ ಮಾಡಿಸಿಬಿಡಿ.

ಬ್ಯಾಂಕಿನಲ್ಲಿ ಮೊದಲೇ ಎರಡು ಮಾತು ಕೇಳಿ. ಎಷ್ಟು ಹಳೆಯ ಕಾರಿಗೆ ಸಾಲ ಕೊಡುತ್ತೀರಿ? ಬಹಳಷ್ಟು ಕಡೆ ಕಾರಿನ ವಯಸ್ಸು ಮತ್ತು ಸಾಲದ ಅವಧಿ ಕೂಡಿಸಿ ನೋಡುತ್ತಾರೆ. ಅಡ್ವಾನ್ಸ್ ಕೊಟ್ಟಮೇಲೆ ಸಾಲ ಇಲ್ಲ ಅಂದರೆ ಒದ್ದಾಡುವವರು ನೀವು. ಇನ್ನೊಂದು, ಬೇಗ ತೀರಿಸಿದರೆ ಚಾರ್ಜು ಎಷ್ಟು? ಹಳೆ ಕಾರಿನ ಸಾಲಕ್ಕೆ ಸಾಮಾನ್ಯವಾಗಿ ಬಡ್ಡಿ ಫಿಕ್ಸೆಡ್ ಇರುವುದರಿಂದ ಈ ಚಾರ್ಜು ಇರುವ ಸಾಧ್ಯತೆ ಜಾಸ್ತಿ.

ಗಾಡಿ ನಂಬರ್ ಹಾಕಿ ಎಂ-ಪರಿವಾಹನ್ ಆ್ಯಪ್‌ನಲ್ಲಿ ನೋಡಿದರೆ ಎಷ್ಟನೇ ಮಾಲೀಕರು, ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ ಅನ್ನುವುದು ಸಿಗುತ್ತದೆ. ಹಳೆಯ ಸಾಲ ಬಾಕಿ ಇದೆಯೇ ಅನ್ನುವುದಕ್ಕೆ ಆರ್‌ಸಿಯನ್ನೇ ಕೈಗೆ ತೆಗೆದುಕೊಂಡು ಸಾಲ ಕೊಟ್ಟವರ ಹೆಸರು ಬರೆಯುವ ಹೈಪಾತಿಕೇಶನ್ ಜಾಗ ನೋಡಿ. ಇಷ್ಟೇ ಓಡಿದೆ ಅನ್ನುವ ಮೀಟರನ್ನು ನಂಬಬೇಡಿ, ಕಂಪನಿ ಸರ್ವೀಸ್ ಸೆಂಟರಿನ ದಾಖಲೆ ತೋರಿಸಿ ಅನ್ನಿ. ನಿಮಗೆ ಗೊತ್ತಿರುವ ಮೆಕ್ಯಾನಿಕ್ಕಿಗೆ ಒಂದು ದಿನದ ಕೂಲಿ ಕೊಟ್ಟು ಜೊತೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ನನ್ನ ಹಳೆಯ ಕಾರನ್ನು ಪರಿಚಯದವರಿಗೆ ಮಾರಿ ಎಂಟು ತಿಂಗಳಾಯಿತು. ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಕೊಟ್ಟಿದ್ದೇನೆ. ಅವರು ಇನ್ನೂ ಹೆಸರು ಬದಲಾಯಿಸಿಲ್ಲ. ನಾನು ಸಾಲ ತೀರಿಸಿ ಎರಡು ವರ್ಷವಾದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರೂ ಹಾಗೇ ಇದೆ. ತೊಂದರೆ ಆಗುತ್ತದೆಯೇ?
— ಒಬ್ಬ ಓದುಗರು, ಶಿರಸಿ

ಉತ್ತರ: ಆಗುತ್ತದೆ. ನಾಳೆ ಆ ಕಾರು ಯಾರಿಗಾದರೂ ಗುದ್ದಿದರೆ ಕೋರ್ಟಿನ ನೋಟಿಸು ನಿಮ್ಮ ಮನೆಗೆ ಬರುತ್ತದೆ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪರಿಚಯದವರು ಅಂತ ಸಂಕೋಚ ಪಟ್ಟುಕೊಳ್ಳಬೇಡಿ.

ಬ್ಯಾಂಕಿನ ಹೆಸರು ಇರುವವರೆಗೆ ವರ್ಗಾವಣೆ ಮುಂದೆ ಹೋಗುವುದಿಲ್ಲ. ಬಹುಶಃ ಅವರು ಸುಮ್ನೆ ಕೂತಿರುವುದಕ್ಕೂ ಅದೇ ಕಾರಣ ಇರಬಹುದು. ಹಾಗಾಗಿ ಮೊದಲ ಕೆಲಸ ನಿಮ್ಮದೇ. ಬ್ಯಾಂಕಿಗೆ ಹೋಗಿ ಸಾಲ ತೀರಿದ ಎನ್‌ಒಸಿ ಮತ್ತು ಅವರ ಸಹಿ ಸೀಲು ಇರುವ ಫಾರಂ 35 (ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವ ಫಾರಂ) ತೆಗೆದುಕೊಳ್ಳಿ. ಎರಡು ವರ್ಷದ ಹಿಂದೆ ಕೊಟ್ಟ ಎನ್‌ಒಸಿ ಮನೆಯಲ್ಲಿದ್ದರೂ ಹೊಸದಾಗಿ ಕೇಳಿ. ಕಾರು ಕೊಂಡವರನ್ನು ಜೊತೆಗೆ ಕರೆದುಕೊಂಡು ಒಂದೇ ದಿನ ಆರ್‌ಟಿಒ ಕಚೇರಿಗೆ ಹೋಗಿ, ಬ್ಯಾಂಕಿನ ಹೆಸರು ತೆಗೆಸುವುದು, ಅವರ ಹೆಸರು ಸೇರಿಸುವುದು ಎರಡಕ್ಕೂ ಅರ್ಜಿ ಕೊಡಿ. ಅವರು ಬರುವುದಿಲ್ಲ ಅಂದರೂ ಮಾರಿದ ವಿಷಯವನ್ನು ನೀವೇ ಆರ್‌ಟಿಒಗೆ ಬರವಣಿಗೆಯಲ್ಲಿ ತಿಳಿಸಿ. ಮಾರಿದ 14 ದಿನದೊಳಗೆ ತಿಳಿಸಬೇಕಿತ್ತು, ತಡವಾಗಿದೆ, ಆದರೂ ಕೊಡಿ. ಕೊಟ್ಟದ್ದಕ್ಕೆ ಸೀಲು ಹಾಕಿಸಿದ ಪ್ರತಿ, ಕಾರು ಒಪ್ಪಿಸಿದ ದಿನಾಂಕ ಇರುವ ರಸೀದಿ, ದುಡ್ಡು ಬಂದ ಬ್ಯಾಂಕ್ ಸ್ಟೇಟ್‌ಮೆಂಟ್ ಮೂರನ್ನೂ ಒಂದೇ ಫೈಲಿನಲ್ಲಿ ಇಡಿ.