ಡಿಸೆಂಬರ್‌ನಲ್ಲಿ ಮನೆಯವರನ್ನೆಲ್ಲ ಶ್ರೀಲಂಕಾಗೆ ಕರೆದೊಯ್ಯುತ್ತಿದ್ದೇನೆ. 4 ದಿನದಲ್ಲಿ ಇತಿಹಾಸ, ಸಂಸ್ಕೃತಿ, ಆನೆ ಎಲ್ಲ ತೋರಿಸಬಹುದಾ?

ಪ್ರಶ್ನೆ ಓದಿ ನಗು ಬಂತು. 4 ದಿನ, ಡಿಸೆಂಬರ್, ಮನೆಮಂದಿಗೆಲ್ಲ ನೀವೇ ಗೈಡ್. 2018ರಲ್ಲಿ ನಾನೂ ಹೀಗೇ ಹೊರಟಿದ್ದೆ. ನಾವು 11 ಜನ.

ಎಕ್ಸೆಲ್ ಶೀಟ್ ಬೇರೆ ಮಾಡಿದ್ದೆ. ಒಂದು ದಿನ ಇತಿಹಾಸ, ಒಂದು ದಿನ ವನ್ಯಜೀವಿ, ಒಂದು ದಿನ ಸಂಸ್ಕೃತಿ, ಶಾಲೆಯ ಟೈಮ್ ಟೇಬಲ್ ಥರ. ಎರಡನೇ ದಿನದ ಎದುರು ದಪ್ಪ ಅಕ್ಷರದಲ್ಲಿ "ಮಿನ್ನೇರಿಯ: ಒಂದೇ ಕೆರೆಯಂಗಳದಲ್ಲಿ ನೂರಾರು ಆನೆ" ಅಂತ ಬರೆದಿದ್ದೆ. ಮಿನ್ನೇರಿಯ ಅಂದರೆ ಅಲ್ಲಿನ ಒಂದು ರಾಷ್ಟ್ರೀಯ ಉದ್ಯಾನ, ಒಳಗೊಂದು ದೊಡ್ಡ ಕೆರೆ. ದೊಡ್ಡಪ್ಪನಿಗೆ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿ ಆಸೆನೂ ಹುಟ್ಟಿಸಿದ್ದೆ.

ಹತ್ತಿರದ ಊರು ಹಬರಣದಿಂದ ಎರಡು ಜೀಪಿನಲ್ಲಿ ಹೋದೆವು. ಜಿಟಿಜಿಟಿ ಮಳೆ. ಒಳಗೆ ಹೋದರೆ ನೀರೋ ನೀರು. ದಡದ ಮರಗಳ ಬುಡ ಮುಳುಗಿತ್ತು. ಎರಡೂವರೆ ಗಂಟೆ ಸುತ್ತಿದ್ದಕ್ಕೆ ಕಂಡಿದ್ದು ನವಿಲು, ಒಂದಷ್ಟು ಕೊಕ್ಕರೆ, ದೂರದ ಪೊದೆಯಲ್ಲಿ ಒಂದು ಆನೆಯ ಬೆನ್ನು. ಅದು ಬೆನ್ನೋ ಬಂಡೆಯೋ ಅಂತ ಅತ್ತಿಗೆಗೆ ಈಗಲೂ ಅನುಮಾನ. ದೊಡ್ಡಪ್ಪ ಮಾತ್ರ ಸುಮ್ನಿರಲಿಲ್ಲ. "ಇದಕ್ಕೆ ಪಾಸ್‌ಪೋರ್ಟ್ ಬೇರೆ ಮಾಡಿಸಿದೆಯಲ್ಲೋ! ನಾಗರಹೊಳೆ ರೋಡಲ್ಲಿ ಬಸ್ಸಿಂದಾನೇ ಕಾಣ್ತವೆ."

ತಪ್ಪು ಎಲ್ಲಾಯ್ತು ಅಂತ ಬಿಡಿಸಿಯೇ ಹೇಳುತ್ತೇನೆ, ಯಾಕಂದರೆ ನೀವೂ ಅದನ್ನೇ ಮಾಡುತ್ತಿದ್ದೀರಿ. ನಮ್ಮ ಕಬಿನಿಗೆ ಬೇಸಿಗೆಯಲ್ಲಿ ಆನೆಗಳು ಯಾಕೆ ಬರುತ್ತವೆ? ಹಿನ್ನೀರು ಇಳಿದು ಬಯಲಾದ ನೆಲದಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಪಕ್ಕದಲ್ಲೇ ನೀರಿರುತ್ತದೆ. ಮಿನ್ನೇರಿಯದಲ್ಲೂ ಅದೇ ಕಾರಣ. ಇಷ್ಟು ನನಗೆ ಗೊತ್ತಿತ್ತು. ಆದರೆ ನಮ್ಮೂರಿನ ಮಳೆಗಾಲವನ್ನೂ ಹಾಗೇ ಅಲ್ಲಿಗೆ ಹೊತ್ತುಕೊಂಡು ಹೋಗಿದ್ದೆ. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಡಿಸೆಂಬರ್ ಅಂದರೆ ಒಣ ಹವೆ, ಮುಗೀತು ಅಂದುಕೊಂಡಿದ್ದೆ. ಅಲ್ಲಿ ಎರಡು ಮಳೆಗಾಲ ಇವೆ. ಮೇಯಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮಳೆ ಕೊಲಂಬೊ, ಗಾಲ್ ಕಡೆ ಸುರಿದು ನಡುವಿನ ಬೆಟ್ಟಗಳಲ್ಲೇ ಖಾಲಿಯಾಗುತ್ತದೆ. ಬೆಟ್ಟದಾಚೆಯ ಮಿನ್ನೇರಿಯ ಆಗ ಬತ್ತುತ್ತದೆ. ಆನೆಗಳು ಸೇರುವುದು ಆವಾಗ, ಜುಲೈಯಿಂದ ಸೆಪ್ಟೆಂಬರ್ ಒಳಗೆ. ಡಿಸೆಂಬರ್ ಹೊತ್ತಿಗೆ ಈಶಾನ್ಯ ಮಳೆ ಬಂದು ಕೆರೆ ತುಂಬುತ್ತದೆ, ಹುಲ್ಲು ನೀರಡಿ ಹೋಗುತ್ತದೆ, ಆನೆಗಳು ಕಾಡಿಗೆ ಚದುರುತ್ತವೆ. ಚೆನ್ನೈಗೆ ವರ್ಷದ ಕೊನೆಗೆ ಮಳೆ ಅಂತ ಗೊತ್ತಿದ್ದವನಿಗೆ ಅದರ ಕೆಳಗಿನ ದ್ವೀಪದ ಬಗ್ಗೆ ಹೊಳೆಯಲೇ ಇಲ್ಲ! ಜೀಪ್ ಬುಕ್ ಮಾಡಿಕೊಟ್ಟವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಮ್ಮ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ವ್ಯಾನ್ ಡ್ರೈವರ್ ವಾಪಸ್ ಹೋಗುವಾಗ ಕೆರೆ ಏರಿಯ ಹತ್ತಿರ ನಿಲ್ಲಿಸಿದ. "ಆನೆ ಇಲ್ಲ ಸರ್, ಕೆರೆಯಾದರೂ ನೋಡಿ. ಇದನ್ನು ಕಟ್ಟಿಸಿದ ರಾಜನೇ ಇಲ್ಲಿಯವರಿಗೆ ದೇವರು." 3ನೇ ಶತಮಾನದ ಕೊನೆಯ ಹೊತ್ತಿಗೆ ಆಳಿದ ಮಹಾಸೇನ ಅವನು. ಈಗಲೂ ಅವನಿಗೆ ಅಲ್ಲಿ ಗುಡಿ ಇದೆ, ಮಿನ್ನೇರಿಯ ದೇವರು ಅಂತಲೇ ಪೂಜೆ. ನಮ್ಮ ದೊಡ್ಡಪ್ಪ ಕೆರೆ ಕೆಳಗಿನ ಗದ್ದೆ ಮಾಡಿದವರು. ಅಷ್ಟು ಹೊತ್ತು ಗೊಣಗುತ್ತಿದ್ದವರು ಏರಿ ಹತ್ತಿ "ತೂಬು ಎಲ್ಲಿದೆ, ಕೇಳೋ" ಅಂದರು. ಆ ಕಾಲದ ಕೆರೆಗಳಲ್ಲಿ ಏರಿಯೊಳಗೇ ಕಲ್ಲಿನ ಚೌಕ ಬಾವಿ ಕಟ್ಟುತ್ತಿದ್ದರಂತೆ, ಹೆಸರು ಬಿಸೋಕೊಟುವ. ನೀರನ್ನು ಅಲ್ಲಿ ತಡೆದು, ಬೇಕಾದಷ್ಟೇ ಕಾಲುವೆಗೆ ಬಿಡುವುದು. ಡ್ರೈವರ್ ಇಂಗ್ಲಿಷ್‌ನಲ್ಲಿ ಹೇಳಿದ, ನಾನು ಕನ್ನಡ ಮಾಡಿದೆ, ದೊಡ್ಡಪ್ಪ ಕೊಡೆಯ ತುದಿಯಿಂದ ಮಣ್ಣಿನ ಮೇಲೆ ಚಿತ್ರ ಬರೆದು "ಹೀಗಾ?" ಅಂದರು. ಅರ್ಧ ಗಂಟೆ ಇಬ್ಬರೂ ಅಲ್ಲಾಡಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಎಲ್ಲವನ್ನೂ ಬೇರೆ ಬೇರೆ ಮಾಡಿ ದಿನ ಹಂಚುವ ನಿಮ್ಮ ಲೆಕ್ಕವೇ ಸರಿಯಿಲ್ಲ. ರಾಜ ಕಟ್ಟಿಸಿದ ಕೆರೆ, ಅದರ ನೀರಿಗೆ ಗದ್ದೆ, ಗದ್ದೆಯವರಿಗೆ ಅವನೇ ದೇವರು, ನೀರಿಳಿದಾಗ ಹುಲ್ಲಿಗೆ ಬರುವ ಆನೆ. ಇದರಲ್ಲಿ ಯಾವುದನ್ನು ಯಾವ ಕಾಲಂಗೆ ಹಾಕುತ್ತೀರಿ? ಹಬರಣದಲ್ಲೇ ಮೂರು ರಾತ್ರಿ ಇರಿ. ಬಂಡೆಯ ಮೇಲಿನ ಕೋಟೆ ಸಿಗಿರಿಯ, ಹಳೆಯ ರಾಜಧಾನಿ ಪೊಲೊನ್ನರುವ ಎರಡೂ ಅಲ್ಲಿಂದ ಹತ್ತಿರ. ಕ್ಯಾಂಡಿ, ನುವರ ಎಲಿಯ, ಬೆಂಟೋಟ ಎಲ್ಲ ಇದೇ 4 ದಿನಕ್ಕೆ ತುರುಕಿದರೆ ವ್ಯಾನಿನ ಸೀಟು ನೋಡಿಕೊಂಡು ಬರುತ್ತೀರಿ ಅಷ್ಟೇ.

ಸಿಗಿರಿಯಕ್ಕೆ ಸುಮಾರು 1,200 ಮೆಟ್ಟಿಲು. ಮಂಡಿನೋವಿನವರನ್ನು ಹತ್ತಿಸಬೇಡಿ, ಕೆಳಗಿನ ತೋಟದಲ್ಲಿ ಕೂರಿಸಿ. 5ನೇ ಶತಮಾನದಲ್ಲಿ ರಾಜ ಕಾಶ್ಯಪ ಮಾಡಿಸಿದ ಕಾರಂಜಿಗಳು ಮಳೆಗಾಲದಲ್ಲಿ ಈಗಲೂ ಚಿಮ್ಮುತ್ತವೆ. ಡಿಸೆಂಬರ್‌ಗೆ ಹೋಗುವುದರಿಂದ ಅದೊಂದು ಲಾಭ.

ಊಟದಲ್ಲಿ ಹುಷಾರು. ಪೋಲ್ ಸಾಂಬೋಲ ನೋಡಲು ನಮ್ಮ ಕಾಯಿ ಚಟ್ನಿಯ ಥರವೇ ಇರುತ್ತದೆ. ಅದಕ್ಕೆ ಉಂಬಲಕಡ ಅಂತ ಒಣಮೀನಿನ ಚೂರು ಹಾಕುವುದುಂಟು. ನಮ್ಮತ್ತೆ ಎರಡು ಸಲ ಹಾಕಿಸಿಕೊಂಡ ಮೇಲೆ ನನಗೆ ಗೊತ್ತಾಯಿತು. ಅವರಿಗೆ ಇನ್ನೂ ಹೇಳಿಲ್ಲ.

ಆನೆ ಬೇಕೇ ಬೇಕು ಅಂದರೆ ದಕ್ಷಿಣದ ಉಡವಲವೆ ಉದ್ಯಾನಕ್ಕೆ ಹೋಗಿ, ಅಲ್ಲಿ ವರ್ಷವಿಡೀ ಕಾಣುತ್ತವೆ. ಆಗ ಹಬರಣ ಬಿಡಬೇಕಾಗುತ್ತದೆ, ನಾನಾದರೆ ಬಿಡುವುದಿಲ್ಲ. ಇಷ್ಟಾಗಿಯೂ ಯಾರಾದರೂ ಡಿಸೆಂಬರ್‌ನಲ್ಲಿ ಮಿನ್ನೇರಿಯಕ್ಕೆ ಜೀಪ್ ಕೊಡುತ್ತೇನೆ ಅಂದರೆ, ಆನೆ ಎಷ್ಟಿವೆ ಅಂತ ಕೇಳಬೇಡಿ. ಕೆರೆಯಲ್ಲಿ ನೀರು ಎಷ್ಟಿದೆ ಅಂತ ಕೇಳಿ, ಆಮೇಲೆ ದುಡ್ಡು ಕೊಡಿ.